ಹಳೆಯ ಆವೃತ್ತಿಯನ್ನು ಒಮ್ಮೆ ನೋಡಿಬಂದದ್ದು

ಮೃಗಶಿರಾ ಮಳೆಯ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ಹೊಸದುರ್ಗದ ಒಂದು ಹಿಟ್ಟಿನ ಗಿರಣಿಯ ಮೇಲಿದ್ದ ಬೀಜ ಸಂಘದ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಗೋಡೆಯ ಗಡಿಯಾರದಲ್ಲಿ ಇಪ್ಪತ್ತನಾಲ್ಕು ನಿಮಿಷವಾಗಿತ್ತು. ಅದು ನಾಲ್ಕು ನಿಮಿಷ ಮುಂದೆ ಓಡುತ್ತದೆಂಬುದನ್ನು ಕಳೆದು ಹೇಳುತ್ತಿದ್ದೇನೆ. ನಿಂತಿದ್ದಕ್ಕೂ ಕಾರಣವಿದೆ. ಕೋಣೆಯಲ್ಲಿದ್ದ ಎರಡು ಕುರ್ಚಿಗಳ ಪೈಕಿ ಒಂದರಲ್ಲಿ ಗಿರಿಜಕ್ಕ ಕುಳಿತಿದ್ದರು, ಇನ್ನೊಂದರಲ್ಲಿ ಒಂದು ಕಟ್ಟು ನವಣೆ ತೆನೆ ಕುಳಿತಿತ್ತು. ತೆನೆಯನ್ನು ಎಬ್ಬಿಸುವಷ್ಟು ಸಲಿಗೆ ನನಗೆ ಆ ಸಂಘದಲ್ಲಿ ಇರಲಿಲ್ಲ.

ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು, ಬಿಡುವಿನಲ್ಲಿ ಈ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನು. ಯಾವ ಅಳತೆಯನ್ನು ಹೇಳಿದರೂ ಅದರಲ್ಲಿ ಎಷ್ಟು ತಪ್ಪಿರಬಹುದೆಂದು ಜೊತೆಯಲ್ಲೇ ಹೇಳಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಬೋಧಿಸುತ್ತ ಬಂದಿದ್ದೇನೆ. ಆದ್ದರಿಂದ ಆ ದಿನ ನಡೆದುದರಲ್ಲಿ ನನ್ನ ತಪ್ಪೆಷ್ಟು ಎಂಬುದನ್ನೂ ಜೊತೆಯಲ್ಲೇ ಹೇಳುವೆ. ನೀವು ಅವಸರದವರಾದರೆ ಮೊದಲೇ ತಿಳಿದುಕೊಂಡುಬಿಡಿ: ಪೂರ್ತಿ ನನ್ನದೇ.

ಗಿರಿಜಕ್ಕ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದ ಮಾರನೆಯ ವಾರದಿಂದಲೇ ಅವರು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಹಳ್ಳಿಗಳನ್ನು ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಸುತ್ತಿ, ಯಾರ ಮನೆಯ ಮಡಕೆಯಲ್ಲಿ ಯಾವ ಹಳೆಯ ಬೀಜವಿದೆ, ಅದು ಯಾರಿಂದ ಬಂತು, ಯಾವ ಮಳೆಗೆ ಬಿತ್ತುತ್ತಾರೆ, ಹುಳು ಬೀಳದಂತೆ ಹೇಗೆ ಇಡುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆರುನೂರ ಹನ್ನೆರಡು ಬೀಜಗಳ ಕಥೆ. ಹೇಳಿದವರಲ್ಲಿ ಅನೇಕರು ಈಗಿಲ್ಲ. ಅವರ ಮಾತು ಕಂಪ್ಯೂಟರಿನಲ್ಲಿದೆ, ಬೇರೆಲ್ಲೂ ಇಲ್ಲ. ಏಕೆಂದರೆ ಗಿರಿಜಕ್ಕ ಬರೆದುಕೊಳ್ಳುವುದು ಮದುವೆಯ ಕರೆಯೋಲೆಗಳ ಹಿಂಬದಿಯಲ್ಲಿ. ಅದನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಕರೆಯೋಲೆ ನೀರೊಲೆಗೆ ಹೋಗುತ್ತದೆ. ಕಾಗದ ಇಟ್ಟರೆ ಗೆದ್ದಲು ಹಿಡಿಯುತ್ತದೆ, ಕಂಪ್ಯೂಟರಿಗೆ ಗೆದ್ದಲು ಹತ್ತುವುದಿಲ್ಲ ಎಂದು ಅವರಿಗೆ ಒಬ್ಬ ವಿದ್ಯಾವಂತರು ಹೇಳಿದ್ದರು. ಆ ವಿದ್ಯಾವಂತನೂ ನಾನೇ.

ಈ ಕಥೆಗಳನ್ನೆಲ್ಲ ಜೋಪಾನ ಮಾಡುತ್ತಿದ್ದುದು ಆನೆಯ ಲಾಂಛನದ ಒಂದು ಮುಕ್ತ ತಂತ್ರಾಂಶದ ಡೇಟಾಬೇಸ್. ಯಾರೋ ಎಲ್ಲೆಲ್ಲೋ ಕುಳಿತು ಕಟ್ಟಿ, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟದ್ದು. ಒಂದು ರೀತಿಯಲ್ಲಿ ಅದೂ ಕೈಯಿಂದ ಕೈಗೆ ಬಂದ ಬೀಜವೇ. ನಮ್ಮಲ್ಲಿದ್ದದ್ದು ಹದಿಮೂರನೆಯ ಆವೃತ್ತಿ. ಅದಕ್ಕೆ ಇನ್ನು ಮುಂದೆ ರಿಪೇರಿ ಮಾಡುವುದಿಲ್ಲವೆಂದು ಕಟ್ಟಿದವರು ಸಾರಿದ್ದರು. ಹದಿನೇಳಕ್ಕೆ ಏರಬೇಕಿತ್ತು. ನಡುವೆ ಇರುವ ಮೂರು ಮೆಟ್ಟಿಲುಗಳನ್ನು ತುಳಿಯದೆ ಒಂದೇ ನೆಗೆತಕ್ಕೆ ಏರುವ ಉಪಾಯವೂ ಇತ್ತು.

ಏರುವುದಕ್ಕೆ ದಾರಿ ಎರಡು. ಹಳೆಯ ಮನೆಯ ಸಾಮಾನನ್ನೆಲ್ಲ ಪ್ರತಿ ಮಾಡಿ ಹೊಸ ಮನೆಯಲ್ಲಿಡುವುದು ಒಂದು. ನಮ್ಮ ಯಂತ್ರದಲ್ಲಿ ಅಷ್ಟು ಜಾಗವಿರಲಿಲ್ಲ; ತೆನೆಗಳ ಫೋಟೋಗಳು ಅದರ ಹೊಟ್ಟೆಯನ್ನು ತುಂಬಿದ್ದವು. ಇನ್ನೊಂದು ದಾರಿಯಲ್ಲಿ ಸಾಮಾನನ್ನು ಕದಲಿಸುವುದೇ ಇಲ್ಲ. ನೆಲದೊಳಗೆ ಕಾಳು ತುಂಬಿಡುವ ಹಗೇವು ಒಂದೇ, ಅದಕ್ಕೆ ಹೊಸ ಮನೆಯಿಂದ ಇನ್ನೊಂದು ಬಾಯಿ ತೆಗೆಯುತ್ತಾರೆ, ಅಷ್ಟೆ. ಎರಡು ನಿಮಿಷದ ಕೆಲಸ. ಷರತ್ತು ಒಂದೇ: ಹೊಸ ಮನೆಯಲ್ಲಿ ವಾಸ ಶುರುವಾದ ಮೇಲೆ ಹಳೆಯ ಮನೆಯ ಬಾಗಿಲು ತೆರೆಯಕೂಡದು. ಎರಡು ಕಡೆಯಿಂದಲೂ ಒಂದೇ ಹಗೇವಿಗೆ ಕೈ ಹಾಕಿದರೆ ಕಾಳು ಕೆಡುತ್ತದೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು. ನಾನು ಅದರ ಕೆಳಗೆ ಪೆನ್ಸಿಲಿನಿಂದ ಗೆರೆಯನ್ನೂ ಎಳೆದಿದ್ದೆ.

ಹತ್ತು ಇಪ್ಪತ್ತಕ್ಕೆ ಆಜ್ಞೆ ಕೊಟ್ಟೆ, ಹತ್ತು ಇಪ್ಪತ್ತೆರಡಕ್ಕೆ ಮುಗಿಯಿತು. ಕೆಳಗೆ ಗಿರಣಿಯಲ್ಲಿ ಯಾರದೋ ಮೆಣಸಿನಕಾಯಿ ಬೀಸುತ್ತಿದ್ದರು, ಮೂವರೂ ಸೀನಿದೆವು. ಮೂರನೆಯವನು ಸಂಘದ ಕಾರ್ಯದರ್ಶಿ ತಿಪ್ಪೇಸ್ವಾಮಿ. ಹೊಸ ಆವೃತ್ತಿ ಬಂದುದನ್ನು ಅವನಿಗೆ ಹೇಳಿದಾಗ, ಎಲ್ಲಿ ಬಂತು, ನೋಡೋಕೆ ಹಂಗೇ ಐತಲ್ಲ ಎಂದ. ಒಳ್ಳೆಯ ಮೇಲೇರಿಕೆಯ ಲಕ್ಷಣವೇ ಅದು, ಮಾಡಿದ್ದು ಯಾರಿಗೂ ಕಾಣಬಾರದು ಎಂದು ನಾನು ವಿವರಿಸಿದೆ. ಕಾಣದ ಕೆಲಸಕ್ಕೆ ಚಿತ್ರದುರ್ಗದಿಂದ ಬಸ್ ಹತ್ತಿ ಬಂದ ಮನುಷ್ಯನನ್ನು ಅವನು ಅನುಕಂಪದಿಂದ ನೋಡಿ ಟೀ ತರಲು ಹೋದ.

ಗಿರಿಜಕ್ಕ ಹೊಸದರಲ್ಲಿ ಕುಳಿತು ಕೆಲಸ ಶುರು ಮಾಡಿಯೇಬಿಟ್ಟರು. ಶನಿವಾರ ಮಧ್ಯಾಹ್ನ ತಾವು ಏರಿಸಿದ್ದ ಕೊನೆಯ ದಾಖಲೆಯನ್ನು ತೆರೆದು ಒಂದು ಮಾತು ತಿದ್ದಿದರು. ಹೊಳಲ್ಕೆರೆಯ ಆಚೆಗಿನ ಹಳ್ಳಿಯೊಂದರ ಕೆಂಚಮ್ಮನ ಕೊರಲೆ ಅದು. ಕೊರಲೆ ಗೊತ್ತಲ್ಲ, ಹುಣಸೆ ಮರದ ನೆರಳಲ್ಲೂ ಬೆಳೆಯುವ ಸಣ್ಣ ಕಾಳು. ಅಂಥ ತಳಿಯನ್ನು ಮತ್ತೆಲ್ಲೂ ಕಂಡಿರಲಿಲ್ಲವೆಂದು ಗಿರಿಜಕ್ಕ ಆ ಬೆಳಿಗ್ಗೆ ಮೂರು ಸಲ ಹೇಳಿದ್ದರು.

ಅಷ್ಟರಲ್ಲಿ ಪರದೆಯ ಮೇಲೆ ಯಂತ್ರ ಒಂದು ಸೂಚನೆ ಕೊಟ್ಟಿತ್ತು: ಎಲ್ಲ ಸರಿಯಾಗಿದೆ, ಹಳೆಯದನ್ನು ಅಳಿಸಬೇಕಿದ್ದರೆ ಇದನ್ನು ಓಡಿಸಿ. ನಾನು ಬೆರಳಿಟ್ಟೆ. ಗಿರಿಜಕ್ಕ ಏನು ಮಾಡುತ್ತಿದ್ದೀರೆಂದು ಕೇಳಿದರು. ಹಳೆಯ ಮನೆ ಗುಡಿಸುತ್ತಿದ್ದೇನೆ ಎಂದೆ.

“ಬ್ಯಾಡ ಮೇಷ್ಟ್ರೇ,” ಎಂದರು. “ಹೊರಟೋರ ಹಿಂದೇನೇ ಕಸ ಹೊಡೀತಾರಾ? ಅವ್ರು ಹೋಗಿ ಮುಟ್ಲಿ ಮೊದ್ಲು.”

ನಮ್ಮ ಮನೆಯಲ್ಲೂ ಊರಿಗೆ ಹೊರಟ ನೆಂಟರು ಬಸ್ಸಿಳಿದು ಫೋನು ಮಾಡುವ ತನಕ ಪೊರಕೆ ಮೂಲೆಯಲ್ಲೇ ಇರುತ್ತದೆ. ನಾನು ಕೈ ತೆಗೆದೆ. ಇಲ್ಲಿ ಒಂದು ವಿಷಯವನ್ನು ದಾಖಲಿಸಬೇಕು. ಆ ಕ್ಷಣದಲ್ಲಿ ಗುಡಿಸಿಬಿಟ್ಟಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಹಳೆಯ ಬಾಗಿಲು ಮಾತ್ರ ಹೋಗುತ್ತಿತ್ತು, ಹಗೇವು ಉಳಿಯುತ್ತಿತ್ತು. ಹಾಗೆಂದು ಶಾಸ್ತ್ರವನ್ನು ದೂರುವಂತಿಲ್ಲ. ಕಸ ಹೊಡೆಯಬೇಡ ಎಂದ ಶಾಸ್ತ್ರ, ಬೀಗ ತೆಗೆದು ಒಳಗೆ ಹೋಗು ಎಂದಿರಲಿಲ್ಲ.

ಬೀಗ ತೆಗೆದದ್ದು ಊಟವಾದ ಮೇಲೆ, ಒಂದು ಗಂಟೆ ಐವತ್ತಕ್ಕೆ. ಎಲ್ಲಾ ಹೊಸ ಮನೆಗೆ ಬಂದೈತೆ ಅಂತ ಹೆಂಗೆ ತಿಳೀಬೇಕು, ಹಳೇದನ್ನೂ ಒಂದ್ಸಲ ನೋಡ್ಬೌದಾ ಎಂದು ಗಿರಿಜಕ್ಕ ಕೇಳಿದರು. ಎಣಿಸಿ ನೋಡಿದ್ದೇನೆ, ಏರುವ ಮೊದಲೂ ಆಮೇಲೂ ಆರುನೂರ ಹನ್ನೆರಡು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ತಿಪ್ಪೇಸ್ವಾಮಿ ಮಧ್ಯೆ ಬಾಯಿ ಹಾಕಿ, “ಮೇಷ್ಟ್ರ ಕೈಲಿ ಅದು ಆಗಾಕಿಲ್ಲ ಬಿಡಕ್ಕ, ಕಾಣದೇ ಇರೋ ಕೆಲ್ಸ ಮಾತ್ರ ಮಾಡ್ತಾರೆ,” ಎಂದ.

ನಾನು ಗೆರೆ ಎಳೆದಿದ್ದ ವಾಕ್ಯ ನನಗೆ ನೆನಪಿತ್ತು. ಮರೆತಿದ್ದೆ ಎಂದು ಮಾರನೆಯ ದಿನ ಒಬ್ಬ ಸಹೋದ್ಯೋಗಿಗೆ ಹೇಳಿದೆ, ಅದು ಸುಳ್ಳು. ಯಂತ್ರ ತಾನೇ ಮುಂಜಾಗ್ರತೆಯಿಂದ ಹಳೆಯ ಮನೆಯ ಮುಖ್ಯ ಕಡತದ ಹೆಸರಿಗೆ ‘ಹಳೆಯದು’ ಎಂಬ ಬಾಲ ಕಟ್ಟಿಟ್ಟಿತ್ತು, ಯಾರೂ ಅರಿಯದೆ ತೆರೆಯದಿರಲೆಂದು. ನಾನು ಅರಿತೇ ಬಾಲವನ್ನು ತೆಗೆದೆ. ಒಂದು ನಿಮಿಷ ನೋಡಿ ಮುಚ್ಚಿದರೆ ಏನಾದೀತು ಎಂದುಕೊಂಡಿದ್ದೆ. ಹೊಸದು ಓಡುತ್ತಿದ್ದಂತೆಯೇ ಹಳೆಯದೂ ಎದ್ದು ನಿಂತಿತು. ಎರಡೂ ಒಂದೇ ಪರದೆಯಲ್ಲಿ ಅಕ್ಕಪಕ್ಕ. ತಿಪ್ಪೇಸ್ವಾಮಿ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. ನನ್ನ ಜೀವನದಲ್ಲಿ ಅಷ್ಟು ದುಬಾರಿಯ ಮೆಚ್ಚುಗೆಯನ್ನು ನಾನು ಮತ್ತೆ ಪಡೆದಿಲ್ಲ.

ಗಿರಿಜಕ್ಕ ಹಳೆಯದರಲ್ಲಿ ಕೆಂಚಮ್ಮನ ಹೆಸರನ್ನು ಒತ್ತಿದರು. ದಾಖಲೆ ಬರಲಿಲ್ಲ. ಒಂದು ಸಾಲು ಎಚ್ಚರಿಕೆ ಬಂತು. ನಾನು ಹಳೆಯದನ್ನು ಮುಚ್ಚಿದೆ. ಹೊಸದರಲ್ಲಿ ಒತ್ತಿದೆವು. ಅಲ್ಲೂ ಬರಲಿಲ್ಲ. ಬೆಳಿಗ್ಗೆ ತಿದ್ದಿದ ಪುಟಕ್ಕೇ ಎರಡು ಬಾಗಿಲಿನಿಂದಲೂ ಕೈ ಬಿದ್ದಿತ್ತು. ಪುಟ ಕೆಟ್ಟಿದೆ ಎಂದು ಯಂತ್ರ ಹೇಳಿತು. ಯಾರಿಂದ ಕೆಟ್ಟಿತೆಂದು ಹೇಳದಷ್ಟು ಸಭ್ಯತೆ ಅದಕ್ಕಿತ್ತು. ಕೆಟ್ಟ ಪುಟದಿಂದ ಅಕ್ಷರ ಹೆಕ್ಕಿ ತೆಗೆಯಬಲ್ಲವರು ಇರಬಹುದು. ನಾನು ಬಲ್ಲವನಲ್ಲ.

ಒಂದು ಪುಟ ಕೆಟ್ಟ ಮೇಲೆ ಉಳಿದವನ್ನು ನಂಬುವುದು ಹೇಗೆ? ಶನಿವಾರ ಬೆಳಿಗ್ಗೆ ನಾನು ಚಿತ್ರದುರ್ಗದ ಮನೆಯಿಂದಲೇ ಪೂರ್ತಿ ಪ್ರತಿಯೊಂದನ್ನು ತೆಗೆದಿಟ್ಟಿದ್ದೆ. ಅದನ್ನು ತುಂಬಿದೆ. ನಾಲ್ಕು ಗಂಟೆಯ ಹೊತ್ತಿಗೆ ಆರುನೂರ ಹನ್ನೊಂದು ಕಥೆಗಳು ಕ್ಷೇಮವಾಗಿ ಬಂದು ಕುಳಿತವು. ಆರುನೂರ ಹನ್ನೆರಡನೆಯದು ಶನಿವಾರ ಮಧ್ಯಾಹ್ನದ್ದು. ಶನಿವಾರ ಮಧ್ಯಾಹ್ನ ಯಾರೂ ಏನನ್ನೂ ಏರಿಸಬೇಡಿ ಎಂದು ನಾನು ಹೇಳಿರಲಿಲ್ಲ. ಗಿರಿಜಕ್ಕ ಹಳ್ಳಿಯಿಂದ ಬಂದು ಕಾಲು ತೊಳೆಯುವ ಮೊದಲೇ ದಾಖಲೆ ಏರಿಸುತ್ತಾರೆಂಬುದು ಹನ್ನೊಂದು ವರ್ಷದಿಂದ ನನಗೆ ಗೊತ್ತಿತ್ತು.

ಕರೆಯೋಲೆ? ಬೆಳಿಗ್ಗೆ ನೀರು ಕಾದಿದ್ದೇ ಅದರಿಂದ ಎಂದರು ಗಿರಿಜಕ್ಕ. ಬೈಯಲಿಲ್ಲ. ಕೊರಲೆಯ ಮಾದರಿ ಕಾಳಿದ್ದ ಸಣ್ಣ ಚೀಲವನ್ನು ಎತ್ತಿ, ಅದರ ಬಾಯಿ ಸರಿಯಾಗಿ ಕಟ್ಟಿದೆಯೇ ಎಂದು ನೋಡಿ, ಮತ್ತೆ ಇಟ್ಟರು. ಕಾಳು ಇತ್ತು, ಅದು ಯಾರದು, ಎಲ್ಲಿಂದ ಬಂದದ್ದು, ಹೇಗೆ ಬಾಳಿಸಬೇಕು ಎಂಬುದು ಇರಲಿಲ್ಲ. ಕೆಂಚಮ್ಮನಿಗೆ ಎಂಬತ್ತೆರಡು ವರ್ಷ. “ನಾಳೆ ಹೋಗಾಣ. ನೀವೂ ಬರ್ರಿ,” ಎಂದರು.

ಸೋಮವಾರ ರಜೆ ಹಾಕಿ ಹೋದೆ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕು. ದಾರಿಯುದ್ದಕ್ಕೂ ಗಿರಿಜಕ್ಕ ಶನಿವಾರದ ಮಾತನ್ನು ನೆನಪಿಸಿಕೊಳ್ಳುತ್ತಿದ್ದರು. ಅರ್ಧ ಬರುತ್ತಿತ್ತು, ಅರ್ಧ ಬೇರೆ ಹಳ್ಳಿಯ ಬೇರೆ ಬೀಜದ ಕಥೆಯೊಂದಿಗೆ ಕಲಸಿಕೊಳ್ಳುತ್ತಿತ್ತು. ಕೆಂಚಮ್ಮ ಜಗಲಿಯ ಮೇಲೆ ಮೊರ ಹಿಡಿದು ಕುಳಿತಿದ್ದರು. ಮೊನ್ನೆ ತಾನೇ ಎಲ್ಲಾ ಹೇಳಿದ್ನಲ್ಲವ್ವ ಎಂದರು. ಕಂಪ್ಯೂಟರ್ ಕೆಟ್ಟೋಯ್ತಜ್ಜಿ ಎಂದು ಗಿರಿಜಕ್ಕ ನನ್ನ ಮರ್ಯಾದೆ ಕಾಯಲು ನೋಡಿದರು. ನಿಖರತೆಯ ಚಟ ನನ್ನನ್ನು ಬಿಡಲಿಲ್ಲ. ಕಂಪ್ಯೂಟರ್ ಕೆಡಲಿಲ್ಲ, ತೆಗೆಯಬಾರದು ಎಂದು ಬರೆದಿದ್ದ ಬಾಗಿಲನ್ನು ಜಂಬಕ್ಕೆ ನಾನೇ ತೆಗೆದೆ, ನಿಮ್ಮ ಮಾತು ಹಾಳಾಯಿತು ಎಂದೆ.

ಕೆಂಚಮ್ಮ ಮೊರವನ್ನು ಎರಡು ಸಲ ಕೇರಿದರು. ಆಮೇಲೆ ಕೆಳಗಿಟ್ಟರು.

“ಹಾಳಾಗಿದ್ದೇ ವಾಸಿ ಬಿಡಪ್ಪ,” ಎಂದರು. “ಮೊನ್ನೆ ನಾನೂ ಸುಳ್ಳು ಬರ್ಸಿದ್ದೆ. ಬೀಜ ನಮ್ಮವ್ವನ ಮನೇದು ಅಂದಿದ್ನಲ್ಲ, ಅಲ್ಲ. ಓರಗಿತ್ತಿ ರುದ್ರಿದು.”

ಒಂದು ವರ್ಷ ಮನೆಯ ಬೀಜವೆಲ್ಲ ಹುಳು ಬಿದ್ದು ಪುಡಿಯಾಗಿತ್ತಂತೆ. ಓರಗಿತ್ತಿ ರುದ್ರಮ್ಮ ಯಾರಿಗೂ ಹೇಳದೆ ಒಂದು ಸೋರೆಬುರುಡೆಯಲ್ಲಿ ಕೊರಲೆ ತುಂಬಿ, ಬೂದಿ ಬೆರೆಸಿ, ಒಲೆಯ ಮೇಲಿನ ಹೊಗೆಯಲ್ಲಿ ತೂಗುಹಾಕಿದ್ದರು. ಆ ಬುರುಡೆಯಿಂದ ಕೊಟ್ಟ ಬೊಗಸೆಯೇ ಕೆಂಚಮ್ಮನ ಹೊಲಕ್ಕೆ ಬಂದದ್ದು. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು, ನಡುವೆ ಗೋಡೆ ಎದ್ದಿತು, ಗೋಡೆಯ ವಿಷಯಕ್ಕೆ ಮಾತು ನಿಂತಿತು. ರುದ್ರಮ್ಮ ಇರುವುದು ಆ ಗೋಡೆಯ ಆಚೆ. ಮಾತಿಲ್ಲದೆ ಇಪ್ಪತ್ತಾರು ವರ್ಷ.

ಅವರನ್ನೂ ಕೇಳಬಹುದೇ ಎಂದು ಗಿರಿಜಕ್ಕ ಅನುಮಾನಿಸುತ್ತ ಕೇಳಿದರು. “ನಾನು ಕರೆಯಾಕಿಲ್ಲ. ನೀವು ಕರಕೊಳ್ರಿ,” ಎಂದು ಕೆಂಚಮ್ಮ ಮೊರ ಎತ್ತಿಕೊಂಡರು.

ರುದ್ರಮ್ಮ ಬಂದು ಜಗಲಿಯ ಆ ತುದಿಗೆ ಕುಳಿತರು. ಇಬ್ಬರ ನಡುವೆ, ನನ್ನ ಅಂದಾಜಿನಲ್ಲಿ, ಒಂಬತ್ತು ಅಡಿ. ಅರ್ಧ ಅಡಿ ಹೆಚ್ಚುಕಡಿಮೆ ಇರಬಹುದು. ಕೆಂಚಮ್ಮ ಆಗಷ್ಟೇ ಬರೆಸಿದ್ದನ್ನೆಲ್ಲ ಗಿರಿಜಕ್ಕ ಓದಿ ಹೇಳಿದರು. ಬುರುಡೆ ಎಂದಾಗ ರುದ್ರಮ್ಮ ತಲೆಯಾಡಿಸಿದರು. ಹೊಗೆ ಎಂದಾಗಲೂ ಆಡಿಸಿದರು. ಬೂದಿ ಎಂದಾಗ ಗಿರಿಜಕ್ಕನನ್ನೇ ನೋಡುತ್ತ, “ಬೂದಿ ಅಲ್ಲ ಕಣವ್ವ, ಬೇವಿನ ಸೊಪ್ಪು. ಬೂದಿ ಅಂತ ಯಾರು ಹೇಳಿದ್ದು?” ಎಂದರು.

“ನಾನು ಕಣ್ಣಾರೆ ಕಂಡಿದೀನಿ ಅಂತ ಹೇಳವ್ವ ಅವ್ಳಿಗೆ,” ಎಂದರು ಈ ತುದಿಯಿಂದ ಕೆಂಚಮ್ಮ.

“ಹೊಗೇಲಿ ಕಣ್ಣು ಕಾಣ್ತಿತ್ತಾ ಅಂತ ಕೇಳವ್ವ.”

ಹೀಗೆ ಸುಮಾರು ಮುಕ್ಕಾಲು ಗಂಟೆ. ಮೊದಲು ಎಲ್ಲ ಮಾತೂ ಗಿರಿಜಕ್ಕನ ಮೂಲಕ ಹೋಗಿ ಬರುತ್ತಿತ್ತು. ಆಮೇಲೆ ಗಿರಿಜಕ್ಕನ ಪೆನ್ನು ಹಿಂದೆ ಬಿತ್ತು, ಅವರು ಕರೆಯೋಲೆಯ ಮೇಲೆ ಬಗ್ಗಿ ಬರೆಯುತ್ತಿದ್ದಾಗ ಮಾತು ನೇರವಾಗಿಯೇ ಹೋಗತೊಡಗಿತು. ಯಾವ ವಾಕ್ಯದಿಂದ ನೇರವಾಯಿತೆಂದು ಗಮನಿಸಬೇಕಿತ್ತು. ನಾನು ಗಮನಿಸಲಿಲ್ಲ. ಆ ಹೊತ್ತಿನಲ್ಲಿ ನನಗೆ ಮಜ್ಜಿಗೆ ಕೊಟ್ಟಿದ್ದರು.

ವಾಪಸು ಬಂದು ಹೊಸ ಆವೃತ್ತಿಯಲ್ಲಿ ದಾಖಲೆ ಏರಿಸಿದೆವು. ಬೀಜ ಕೊಟ್ಟವರು ಎಂಬ ಅಂಕಣದಲ್ಲಿ ರುದ್ರಮ್ಮನ ಹೆಸರು, ಬಾಳಿಸಿದವರು ಎಂಬಲ್ಲಿ ಕೆಂಚಮ್ಮನ ಹೆಸರು. ಹುಳು ಬೀಳದಂತೆ ಇಡುವ ಬಗೆ: ಬೂದಿ ಎಂದು ಕೆಂಚಮ್ಮ, ಬೇವಿನ ಸೊಪ್ಪು ಎಂದು ರುದ್ರಮ್ಮ. ಕರೆಯೋಲೆಯನ್ನು ಗಿರಿಜಕ್ಕ ಈ ಸಲ ಒಲೆಗೆ ಹಾಕಲಿಲ್ಲ; ಡಬ್ಬಿಯಲ್ಲಿಟ್ಟರು. ಗೆದ್ದಲಿನ ವಿಷಯ ನಾನು ಎತ್ತಲಿಲ್ಲ.

ಮೇಲೇರಿಕೆಯಿಂದ ಆದ ಲಾಭವೇನೆಂದು ಸಂಘದ ಸಭೆಯಲ್ಲಿ ಯಾರೋ ಕೇಳಿದರು. ರಕ್ಷಣೆ, ವೇಗ ಎಂದೆ. ಇಷ್ಟನ್ನೆಲ್ಲ ಹೇಳುತ್ತಾ ಕೂರಲು ಸಭೆಗೆ ಸಮಯವಿರಲಿಲ್ಲ, ಹೇಳಿದರೂ ಅದನ್ನು ಲಾಭವೆಂದು ಬರೆಯುವುದಕ್ಕೆ ನನ್ನ ತಪ್ಪು ಅಡ್ಡಬರುತ್ತಿತ್ತು. ತಪ್ಪು ತಪ್ಪೇ. ಅದರ ಹಿಂದೆ ಒಳ್ಳೆಯದೊಂದು ಬಂದು ಕುಳಿತುಕೊಂಡಿತೆಂದು ತಪ್ಪಿನ ಗಾತ್ರ ಕಡಿಮೆಯಾಗುವುದಿಲ್ಲ. ಒಳ್ಳೆಯದರ ಗಾತ್ರವೂ ಕಡಿಮೆಯಾಗುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಇದನ್ನು ನನ್ನಂತೆ ಕಂಡವರಲ್ಲಿ ಗಿರಿಜಕ್ಕ ಹೊಸದುರ್ಗದಲ್ಲೇ ಇದ್ದಾರೆ, ಈಗಲೂ ಸುತ್ತುತ್ತಾರೆ. ಹಿಟ್ಟಿನ ಗಿರಣಿಯ ಮೇಲೆ ನಡೆದಷ್ಟನ್ನು ಮಾತ್ರ ಕಂಡ ತಿಪ್ಪೇಸ್ವಾಮಿಯೂ ಇದ್ದಾನೆ. ಕೆಂಚಮ್ಮ ಆ ವರ್ಷದ ಕೊರಲೆ ಕೊಯ್ಲು ನೋಡಿ ತೀರಿಕೊಂಡರು. ರುದ್ರಮ್ಮ ಇದ್ದಾರೆ. ಹೋದ ತಿಂಗಳು ಹೋದಾಗ ಗಿರಿಜಕ್ಕ ದಾಖಲೆಯನ್ನು ಅವರಿಗೆ ಮತ್ತೊಮ್ಮೆ ಓದಿ ಹೇಳಿ, ತಿದ್ದುವುದು ಏನಾದರೂ ಇದೆಯೇ ಎಂದು ಕೇಳಿದರು. ಬೇವಿನ ಸೊಪ್ಪು ಎನ್ನುವುದನ್ನು ತೆಗೆದುಬಿಡ್ರಿ, ಬೂದಿ ಅಂತಾನೇ ಇರ್ಲಿ ಎಂದರು ರುದ್ರಮ್ಮ.