ಶಕ್ಕು ಕೂತ ಚಹಾದ ಪೆಟ್ಟಿಗೆ

ಕಮಲಾಪುರದ ಅಂಗಡಿಗಳಿಗೆ ಚಹಾಪುಡಿ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲವದು. ತೆಳ್ಳನೆಯ ಪ್ಲೈವುಡ್ಡಿನ ಪೆಟ್ಟಿಗೆ, ಅಂಚಿಗೆಲ್ಲ ತಗಡಿನ ಪಟ್ಟಿ, ಒಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ. ನಿಮ್ಮಲ್ಲಿ ನನ್ನ ವಯಸ್ಸಿನವರು ನೋಡಿಯೇ ಇರುತ್ತೀರಿ. ಪುಡಿ ಮುಗಿದ ಮೇಲೆ ಆ ಪೆಟ್ಟಿಗೆಯಲ್ಲಿ ಕೆಲವರು ಹಳೆಯ ಅರಿವೆ ತುಂಬಿಡುತ್ತಿದ್ದರು, ಕೆಲವರು ಶೇಂಗಾ. ನಮ್ಮ ಮನೆಯಲ್ಲಿ ಮಾತ್ರ ಅದು ಒಂದು ಬೇಸಿಗೆ ಪೂರ್ತಿ ವಾದ್ಯವಾಗಿತ್ತು.

ನಮ್ಮಪ್ಪನದು ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನನ್ನ ಬೆನ್ನಿಗೆ ಹುಟ್ಟಿದವಳು ಶಕುಂತಲಾ, ಎಲ್ಲರ ಬಾಯಲ್ಲಿ ಶಕ್ಕು. ಶಾಲೆಗೆ ಹೋಗುವ ವಯಸ್ಸಾದರೂ ಅವಳಿಗೆ ಮಾತು ಬಂದಿರಲಿಲ್ಲ, ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ‘ಕೆಲವು ಕೂಸುಗೋಳಿಗಿ ತಡಾ ಆಗ್ತದ, ಬರ್ತದ ಬಿಡು’ ಎಂದು ಮುತ್ಯಾ, ಅಂದರೆ ನಮ್ಮ ಅಜ್ಜ, ಹೇಳಿದ್ದ. ಅವ್ವ ಆ ಮಾತಿಗೆ ಜೋತುಬಿದ್ದು ಕಾಯುತ್ತಿದ್ದಳು.

ಆ ಬೇಸಿಗೆಯಲ್ಲಿ ಶಾಲೆ ಮುಚ್ಚಿತ್ತು. ಮಧ್ಯಾಹ್ನ ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನಾವಿಬ್ಬರೂ ಕೂತು ಕೆಂಪು ಬಾಳೆಹಣ್ಣು ತಿನ್ನುತ್ತ, ಅದರ ಸಿಪ್ಪೆಯಿಂದ ನೊಣ ಓಡಿಸುತ್ತ ಹೊತ್ತು ಕಳೆಯುತ್ತಿದ್ದೆವು. ಒಂದು ದಿನ ಅಪ್ಪ ಖಾಲಿಯಾದ ಚಹಾದ ಪೆಟ್ಟಿಗೆಯೊಂದನ್ನು ತಂದು ಅಲ್ಲಿ ಬೋರಲು ಹಾಕಿದ. ಶಕ್ಕು ಅದರ ಮೇಲೆ ಹತ್ತಿ ಕೂತಳು. ನಾನು ಬೇಸರಕ್ಕೆ ಅದರ ಬದಿಯನ್ನು ಅಂಗೈಯಿಂದ ಬಡಿದೆ.

ಶಕ್ಕು ಗಕ್ಕನೆ ತಿರುಗಿ ನೋಡಿದಳು.

ನಾನು ಮತ್ತೆ ಬಡಿದೆ. ಅವಳ ಕಣ್ಣು ಅಗಲವಾದವು. ಮೂರನೆಯ ಸಲ ಬಡಿದಾಗ ನಕ್ಕಳು. ಬಾಯಿ ತುಂಬ, ಮೈ ಕುಲುಕಿಸಿ ನಕ್ಕಳು. ಆಮೇಲೆ ತಾನೇ ಕಾಲ ನಡುವೆ ಬಗ್ಗಿ ಎರಡೂ ಕೈಯಿಂದ ಬಡಿಯತೊಡಗಿದಳು. ನಡುವೆ ಬಡಿದರೆ ಧುಮ್ಮೆನ್ನುವ ತುಂಬಿದ ಸದ್ದು, ಮೇಲಿನ ಅಂಚಿಗೆ ಬಡಿದರೆ ಟಪ್ಪೆನ್ನುವ ಒಣ ಸದ್ದು. ಒಳಗಿನ ಬೆಳ್ಳಿ ಹಾಳೆ ಒಂದು ಕಡೆ ಬಿಟ್ಟುಕೊಂಡಿದ್ದರಿಂದ ಪ್ರತಿ ಏಟಿಗೂ ಝರ್ ಎಂದು ನಡುಗುತ್ತಿತ್ತು. ಬಿರುಕಿನಿಂದ ಚಹಾದ ಧೂಳು ಹಾರಿ ಮೂಗಿಗೆ ಅಡರುತ್ತಿತ್ತು.

ನಾನು ಅಡುಗೆಮನೆಗೆ ಓಡಿದೆ. ‘ಯವ್ವಾ, ಶಕ್ಕುಗ ಕೇಳಸಾಕತ್ತದ! ಬಾ ಇಲ್ಲಿ!’

ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಶಕ್ಕುವಿನ ಬೆನ್ನಹಿಂದೆ ನಿಂತು ಪೆಟ್ಟಿಗೆಗೆ ಒಂದು ಏಟು ಕೊಟ್ಟಳು. ಮಗು ತಿರುಗಿತು. ಅವ್ವ ಅಲ್ಲೇ ಕುಸಿದು ಕೂತು ಅವಳ ಮುಖ ಸವರಿ ಸವರಿ ಎಲ್ಲ ಹಿಟ್ಟು ಮಾಡಿಬಿಟ್ಟಳು. ‘ನಾ ಹೇಳಿದ್ದಿಲ್ಲೇನ್ರೀ, ನನ್ನ ಮಗಳಿಗಿ ಕೇಳಸ್ತದಂತ?’ ಎಂದು ಅಂಗಡಿಯ ಕಡೆ ಮುಖ ಮಾಡಿ ಕೂಗಿದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಆ ಪೆಟ್ಟಿಗೆಯದೇ ರಾಜ್ಯಭಾರ. ಶಕ್ಕು ಎದ್ದವಳೇ ಅದರ ಮೇಲೆ ಕೂರುತ್ತಿದ್ದಳು, ಅಲ್ಲೇ ರೊಟ್ಟಿ ತಿನ್ನುತ್ತಿದ್ದಳು. ನಾನು ಎದುರಿಗೆ ಕೂತು ಒಂದು ಬಗೆಯಲ್ಲಿ ಬಡಿದರೆ ಹಾಗೆಯೇ ತಿರುಗಿ ಬಡಿಯುತ್ತಿದ್ದಳು. ಅದೇ ನಮ್ಮ ಮಾತುಕತೆ. ಅವಳೊಂದಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಸಾಮಾನು ಒಯ್ಯಲು ಬಂದವರು ಇಣುಕಿ ನೋಡಿ, ‘ಭಾರಿ ಬಾರಸ್ತಾಳಲ್ರೀ ನಿಮ್ಮ ಪೋರಿ’ ಎನ್ನುತ್ತಿದ್ದರು.

ಇನ್ನು ತಡಮಾಡಬಾರದೆಂದು ಅವ್ವ ಹಟ ಹಿಡಿದಳು. ಕಲಬುರಗಿಯ ಕಿವಿ ಡಾಕ್ಟರರಿಗೆ ತೋರಿಸಿದರೆ ಮಾತಿಗೂ ಔಷಧ ಕೊಡುತ್ತಾರೆಂಬುದು ಅವಳ ಲೆಕ್ಕ. ಅಪ್ಪ, ಅವ್ವ, ಶಕ್ಕುವಿನ ಜೊತೆ ನಾನೂ ಹೊರಟೆ. ಬಸ್ಸಿನ ಕಿಟಕಿಯಿಂದ ಕಾದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅವ್ವ ದಾರಿಯುದ್ದಕ್ಕೂ ಶಕ್ಕುವಿನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು.

ಡಾಕ್ಟರರು ವಯಸ್ಸಾದವರು, ಮೆಲುಮಾತಿನವರು. ಶಕ್ಕುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು. ಅವಳು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತಿದ್ದಳು.

‘ಪೆಟ್ಟಿಗಿ ಬಾರಿಸಿದ್ರ ತಿರುಗ್ತಾಳ್ರೀ’ ಎಂದಳು ಅವ್ವ. ‘ನಾನೇ ಕಣ್ಣಾರೆ ನೋಡೀನ್ರೀ.’

ಡಾಕ್ಟರರು ಶಕ್ಕುವಿನ ಕೈಯನ್ನು ಮೇಜಿನ ಮೇಲೆ ಇರಿಸಿ, ಹಿಂದಿನಿಂದ ಮೇಜಿಗೆ ಗುದ್ದಿದರು. ತಿರುಗಿದಳು. ಕೈ ಎತ್ತಿ ಮಡಿಲಲ್ಲಿಟ್ಟು ಮತ್ತೆ ಗುದ್ದಿದರು. ತಿರುಗಲಿಲ್ಲ. ಅವ್ವ ಕೈ ಮುಗಿದು, ಮತ್ತೊಮ್ಮೆ ಗುದ್ದಿ ನೋಡಿರೆಂದು ಕೇಳಿಕೊಂಡಳು. ಅವರು ಗುದ್ದಿದರು. ಅವಳು ಹಲ್ಲಿಯನ್ನೇ ನೋಡುತ್ತಿದ್ದಳು.

‘ಅಕಿ ಮೈಗೆ ತಿಳೀತದಮ್ಮಾ, ಕಿವಿಗಿ ಅಲ್ಲ. ಆ ನಡುಕ ಅಕಿಗಿ ಗೊತ್ತಾಗ್ತದ, ಅಷ್ಟ. ಕಿವುಡ ಮಕ್ಕಳ ಶಾಲಿಗಿ ಹಾಕ್ರಿ. ಶಾಣ್ಯಾ ಹುಡುಗಿ ಇದ್ದಾಳ’ ಎಂದರು.

ಹೊರಗೆ ಬಂದು ಶರಣಬಸವೇಶ್ವರ ಗುಡಿಗೆ ಹೋದೆವು. ಅವ್ವ ಒಳಗೆ ಏನು ಬೇಡಿಕೊಂಡಳೋ ತಿಳಿಯದು. ಮರಳುವಾಗ ಬಸ್ಸಿನಲ್ಲಿ ಅವಳು ಶಕ್ಕುವಿನ ಕಿವಿಯಲ್ಲಿ ಏನೂ ಹೇಳಲಿಲ್ಲ.

ಮನೆ ಮುಟ್ಟಿದವಳೇ ಅವ್ವ ಸೆರಗು ಸಿಕ್ಕಿಸಿ ಕೊಡಲಿ ತಂದಳು. ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ಒಡೆದಳು. ಅಪ್ಪ ಬಾಗಿಲಲ್ಲಿ ನಿಂತು, ‘ಏ, ಅದೇನು ಮಾಡ್ಯದ ನಿನಗ?’ ಎಂದ.

‘ಸುಳ್ಳು ಹೇಳ್ಯದ’ ಎಂದಳು ಅವ್ವ. ಚೂರುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದಳು. ಅವತ್ತು ಹೊಗೆಯಲ್ಲೂ ಚಹಾದ ವಾಸನೆ ಇತ್ತು.

ಶಕ್ಕು ಅಳಲಿಲ್ಲ. ಆದರೆ ಮರುದಿನದಿಂದ ಅವಳು ಮನೆಯಲ್ಲಿದ್ದುದನ್ನೆಲ್ಲ ಮುಟ್ಟಿ ನೋಡತೊಡಗಿದಳು. ಅಕ್ಕಿ ಚೀಲ ಬಡಿದಳು, ಕದ ಬಡಿದಳು, ಗೋಡೆ ಬಡಿದಳು. ಪ್ರತಿಯೊಂದಕ್ಕೂ ಸ್ವಲ್ಪ ಹೊತ್ತು ಅಂಗೈ ಒತ್ತಿ ಕಾದು, ಬಿಟ್ಟು ಮುಂದೆ ಹೋಗುತ್ತಿದ್ದಳು. ಊಟಕ್ಕೆ ಕೈ ಹಿಡಿದು ಕರೆದರೂ ಬರುತ್ತಿರಲಿಲ್ಲ. ಅವ್ವ ನೋಡಿಯೂ ನೋಡದವಳಂತೆ ಕೆಲಸ ಮಾಡಿಕೊಂಡಿದ್ದಳು.

ಒಂದು ಮುಂಜಾನೆ ಅವ್ವ ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದಳು. ಶಕ್ಕು ಎದ್ದು ಹೋಗಿ ಕಲ್ಲಿನ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಕೊಂಡಳು. ಅವ್ವ ಕೈ ನಿಲ್ಲಿಸಿದಳು. ಶಕ್ಕು ತಲೆ ಎತ್ತಿ ಅವ್ವನ ಮುಖ ನೋಡಿದಳು. ಅವ್ವ ಮತ್ತೆ ಗೂಟ ತಿರುಗಿಸಿದಳು. ಶಕ್ಕು ಮತ್ತೆ ಕೆನ್ನೆ ಹಚ್ಚಿದಳು. ಅವ್ವನ ಕಣ್ಣಿಂದ ನೀರು ಹಿಟ್ಟಿನ ಮೇಲೆ ಬೀಳುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಕಲ್ಲಿಗೆ ಹಾಕಿದ ಜೋಳ ಮುಗಿದ ಮೇಲೂ ಅವಳು ಬರಿಗಲ್ಲು ತಿರುಗಿಸುತ್ತಲೇ ಇದ್ದಳು.

ಚಹಾ ಕುಡಿಯಲು ಬಂದ ಅಪ್ಪನಿಗೆ ಹೇಳಿದಳು: ‘ಇನ್ನೊಂದು ಪೆಟ್ಟಿಗಿ ಖಾಲಿ ಆದ್ರ ಯಾರಿಗೂ ಕೊಡಬ್ಯಾಡ್ರಿ. ಅಕಿಗಿ ಬೇಕು.’

ಅಪ್ಪ ಆಗಲೇ ಎದ್ದು ಹೋಗಿ, ತುಂಬಿದ ಪೆಟ್ಟಿಗೆಯ ಪುಡಿಯನ್ನು ಡಬ್ಬಗಳಿಗೆ ಸುರಿದು, ಖಾಲಿ ಮಾಡಿ ತಂದ. ಆ ಸಂಜೆ ಅದರ ಎದುರು ಕೂತವಳು ನಾನಲ್ಲ, ಅವ್ವ. ರೊಟ್ಟಿ ತಟ್ಟುವ ಹಾಗೆ, ಒಂದೇ ಹದದಲ್ಲಿ ತಟ್ಟಿದಳು. ಮೇಲೆ ಕೂತ ಶಕ್ಕು ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಬಹಳ ಹೊತ್ತು ಹಾಗೇ ಇದ್ದರು. ಮಳೆಗಾಲ ಹಿಡಿಯುವ ಮೊದಲು ಅಪ್ಪ ಅವಳನ್ನು ಕಿವುಡ ಮಕ್ಕಳ ವಸತಿ ಶಾಲೆಗೆ ಬಿಟ್ಟು ಬಂದ. ಆ ಬೇಸಿಗೆ ಅಲ್ಲಿಗೆ ಮುಗಿಯಿತು.

ಈಗ ಶಕ್ಕು ಕಲಬುರಗಿಯಲ್ಲಿ ನನ್ನ ಜೊತೆಗಿದ್ದಾಳೆ. ಹೊಲಿಗೆ ಮಾಡುತ್ತಾಳೆ. ಅವಳ ಕೂದಲೂ ಬೆಳ್ಳಗಾಗಿದೆ. ಅಪ್ಪ ಅವ್ವ ಇಬ್ಬರೂ ಇಲ್ಲ. ಚಹಾ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನಗೆ ಯಾವುದೂ ಬೇಡವಾಗಿರುತ್ತದೆ.

ಮೊನ್ನೆ ನನ್ನ ಮಗ ಕಾಲೇಜಿನ ಗೆಳೆಯರಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ತಂದ. ಕಹೋನ್ ಅಂತೆ. ಮೇಲೆ ಕೂತು, ಮುಂದಿನ ತೆಳ್ಳನೆಯ ಹಲಗೆಯನ್ನು ಕೈಯಿಂದ ಬಾರಿಸುವುದು. ಒಳಗೆ ಝರ್ ಎನ್ನಲು ತಂತಿ ಇದೆ. ಆಫ್ರಿಕಾದಿಂದ ಪೆರು ದೇಶಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟವರಿಗೆ ತಮ್ಮ ಡೋಲು ಬಾರಿಸಲು ಬಿಡಲಿಲ್ಲವಂತೆ. ಅವರು ಸಾಮಾನಿನ ಪೆಟ್ಟಿಗೆಗಳನ್ನೇ ಬಾರಿಸಿದರಂತೆ. ಹೀಗೆ ಹುಟ್ಟಿತೆಂದು ಹೇಳುತ್ತಾರೆ ಎಂದ. ‘ಇದರ ಮ್ಯಾಲ ಕುಂತ್ರ ಬಿಟ್ಟು ಏಳೋ ಮನಸಾಗಂಗಿಲ್ಲ ನೋಡವ್ವಾ, ಮೈಯೆಲ್ಲ ತಾಳ ಆಗ್ತದ.’

ನನಗೆ ಗೊತ್ತು ಎನ್ನಬೇಕೆಂದುಕೊಂಡೆ. ಹೇಳಲು ಕೂತರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಅವನು ಶಕ್ಕುವನ್ನು ಕರೆದು ಕೂರಿಸಿದ. ಅವಳು ಬಗ್ಗಿ ಮೆಲ್ಲಗೆ ಬಾರಿಸಿದಳು, ಮುಖ ಅರಳಿತು. ಅಷ್ಟರಲ್ಲಿ ಮುಂದಿನ ರಸ್ತೆಗೆ ಯಾವುದೋ ಮೆರವಣಿಗೆಯ ಡಿಜೆ ಬಂತು. ಕಿಟಕಿಯ ಗಾಜು, ನೀರಿನ ಕೊಡ, ನೆಲ, ಎಲ್ಲ ಅದುರಿದವು. ಶಕ್ಕು ಕೈ ಎತ್ತಿದಳು. ಹಲಗೆಗೆ ಅಂಗೈ ಒತ್ತಿ ಕಾದಳು, ಮತ್ತೆ ಒಂದು ಏಟು ಕೊಟ್ಟು ಕಾದಳು. ಆಮೇಲೆ ನನ್ನ ಕಡೆ ತಿರುಗಿ ಕೈಸನ್ನೆಯಲ್ಲಿ ಕೇಳಿದಳು: ಇದು ನಂದೋ, ರಸ್ತೇದೋ?

ನಾನು ಎದ್ದು ಕಿಟಕಿ ಮುಚ್ಚಿದೆ. ನೆಲ ಅದುರುವುದು ನಿಲ್ಲಲಿಲ್ಲ.