ಅರ್ಥ ತಿಳಿಯದೆ ನಾನು ಬರೆದ ಸಾಲು

ಅದು 1963ನೇ ಇಸವಿ. ನಮ್ಮ ಯಜಮಾನರು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಮನೆ ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿ. ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಜನವರಿ ಕೊನೆಯ ಒಂದು ಶುಕ್ರವಾರ ಅವರು ಬರಲಿಲ್ಲ. ಮೊದಲನೇ ಬೆಲ್ಲು ಹೊಡೆಯುವ ಮುಂಚೆಯೇ ಮೇಷ್ಟ್ರ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದರು. ಆಗ ಅವರಿಗೆ ನಲವತ್ತೊಂದು ವರ್ಷ.

ನಮ್ಮಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂಡಬೇಕು. ಹೊಸಿಲು ದಾಟುವ ಹಾಗಿಲ್ಲ, ಹೊರಗಿನ ಗಂಡಸರ ಮುಂದೆ ಬರುವ ಹಾಗಿಲ್ಲ. ನಡುಮನೆಗೂ ಪಡಸಾಲೆಗೂ ಮಧ್ಯೆ ಒಂದು ಪರದೆ ಕಟ್ಟಿ ನಾನು ಒಳಗೆ ಕೂತೆ. ಬಂದವರ ಜೊತೆ ಮಾತು ಆಡುವುದು, ಕೊಡುವುದು ಇಸಕೊಳ್ಳುವುದು ಎಲ್ಲ ನಮ್ಮ ಅತ್ತೆಯದು.

ಐದನೇ ದಿನ ಹೆಡ್‌ಮೇಷ್ಟ್ರು ಬಂದರು. ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದರು.

"ತಾಯಿ, ಈ ಹೊತ್ತಿನಾಗೆ ಕೇಳಬಾರದು. ಮೇಷ್ಟ್ರ ಟಿಪ್ಪಣಿ ಪುಸ್ತಕ ಬೇಕಾಗಿತ್ತು. ಪರೀಕ್ಷೆಗೆ ನಾಲ್ಕೇ ವಾರ ಐತೆ. ಹೊಸಬರು ಒಬ್ಬರು ಬಂದಾರೆ, ಅವರಿಗೆ ಎಲ್ಲಿಂದ ಹಿಡಿಬೇಕು ಅಂಬೋದೇ ತಿಳೀವಲ್ದು."

ಟಿಪ್ಪಣಿ ಪುಸ್ತಕ ಅಂದರೆ, ಮುಂದಿನ ವಾರ ಯಾವ ದಿನ ಯಾವ ಪಾಠ, ಏನು ಕೇಳಬೇಕು, ಮನೆಗೆ ಏನು ಬರೆಯಲು ಕೊಡಬೇಕು ಎಂದು ಮೇಷ್ಟ್ರು ಮೊದಲೇ ಬರೆದು ಸೋಮವಾರ ಹೆಡ್‌ಮೇಷ್ಟ್ರ ಸಹಿ ಹಾಕಿಸುವ ಪುಸ್ತಕ. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಹೆಚ್ಚಿನ ವಿಷಯವಾಗಿ ತೆಗೆದುಕೊಂಡವರು ಹದಿನಾಲ್ಕು ಮಕ್ಕಳು. ಆ ಹದಿನಾಲ್ಕು ಮಂದಿಗೆ ಯಜಮಾನರೊಬ್ಬರೇ ಮೇಷ್ಟ್ರು.

ಅತ್ತೆ ಪುಸ್ತಕ ತಂದುಕೊಟ್ಟರು. ಹೆಡ್‌ಮೇಷ್ಟ್ರು ಹಾಳೆ ತಿರುವಿ, "ಇದು ಹೋದ ವಾರಕ್ಕೇ ನಿಂತೈತಲ್ಲ" ಅಂದರು.

ಆಗ ನಾನು ಒಳಗಿನಿಂದ ಒಂದು ಕಟ್ಟು ಹಾಳೆ ಅತ್ತೆಯ ಕೈಗೆ ಕೊಟ್ಟೆ. ಮುಂದಿನ ನಾಲ್ಕೂ ವಾರದ ಕರಡು. ಸದಾ ಒಂದೊಂದು ವಾರದ್ದು ಮಾತ್ರ ಬರೆಯುತ್ತಿದ್ದ ಅವರು ಈ ಸಲ ನಾಲ್ಕು ವಾರದ್ದು ಒಟ್ಟಿಗೆ ಯಾಕೆ ಬರೆದಿಟ್ಟಿದ್ದರೋ ನನಗೆ ಗೊತ್ತಿರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಸಿಕ್ಕಿತ್ತು.

ಹೆಡ್‌ಮೇಷ್ಟ್ರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಇದೇನ್ ತಾಯಿ, ಇರುವೆ ಮಸಿಯಾಗೆ ಬಿದ್ದು ಎದ್ದು ಓಡಾಡಿದಂಗೆ ಐತೆ! ಇದು ಮೇಷ್ಟ್ರ ಅಕ್ಷರ ಅಲ್ಲ. ಅವರದು ಮುತ್ತು ಪೋಣಿಸಿದಂಗೆ."

"ಇದೇ ನನ್ನ ಮಗನ ಅಕ್ಷರ. ಮುತ್ತು ಪೋಣಿಸಿದಾಕಿ ಒಳಗೆ ಕುಂತಾಳೆ" ಅಂದರು ಅತ್ತೆ.

ಅದು ನಮ್ಮ ಮನೆಯ ಗುಟ್ಟಾಗಿತ್ತು. ನಮ್ಮ ತಂದೆ ದಾವಣಗೆರೆ ಪೇಟೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಅಕ್ಷರ ತಿದ್ದುವುದನ್ನು ನಾನು ಅವರ ಪಕ್ಕ ಕೂತು ಕಲಿತಿದ್ದೆ. ಓದಿದ್ದು ಮಾತ್ರ ಕನ್ನಡ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಇಂಗ್ಲಿಷ್ ಅಕ್ಷರ ಗುರುತಿಸಬಲ್ಲೆ, ಬರೆಯಬಲ್ಲೆ. ಬರೆದದ್ದು ಏನೆಂದು ತಿಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಶಾಲೆ ತನಿಖೆಗೆ ಬಂದ ಯಾರೋ ಸಾಹೇಬರು ಯಜಮಾನರ ಪುಸ್ತಕದ ಮೇಲೆ ಕೆಂಪು ಮಸಿಯಲ್ಲಿ 'ಓದಲಾಗದು' ಎಂದು ಬರೆದಿದ್ದರಂತೆ. ಅಂದಿನಿಂದ ಅವರು ಕರಡು ಬರೆಯುವುದು, ಭಾನುವಾರ ಊಟವಾದ ಮೇಲೆ ನಾನು ಅದನ್ನು ನೋಡಿ ಪುಸ್ತಕಕ್ಕೆ ಇಳಿಸುವುದು. "ಒಂದು ಚುಕ್ಕೆನೂ ಬಿಡಬ್ಯಾಡ" ಅನ್ನುತ್ತಿದ್ದರು. ಪ್ರತಿ ಭಾನುವಾರ ನಾನು ಒಂದು ಪದ ತೋರಿಸಿ ಅರ್ಥ ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಆ ಚಳಿಗಾಲದಲ್ಲಿ ತಂಗಿಯ ಮದುವೆಯ ಓಡಾಟದಲ್ಲಿ ಕೇಳುವುದನ್ನು ಬಿಟ್ಟುಬಿಟ್ಟಿದ್ದೆ.

ಹೆಡ್‌ಮೇಷ್ಟ್ರು, "ಅಂದ್ರೆ ಇಷ್ಟು ವರ್ಷ ನಾನು ಸಹಿ ಹಾಕಿದ್ದು ಅಮ್ಮಾರ ಅಕ್ಷರಕ್ಕಾ?" ಎಂದು ನಕ್ಕುಬಿಟ್ಟರು. ನಕ್ಕ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ಪರದೆಯ ಕಡೆ ತಿರುಗಿ ನನಗೇ ಹೇಳಿದರು. "ಈ ಹಾಳಿ ಓದಬಲ್ಲವರು ಊರಾಗೆ ಯಾರೂ ಇಲ್ಲ ತಾಯಿ. ನೀವು ಇಳಿಸಿಕೊಟ್ಟರೆ ಮೇಷ್ಟ್ರ ಪಾಠ ನಡಿತೈತಿ. ಇಲ್ಲಾಂದ್ರೆ ಆ ಮಕ್ಕಳದು ಇಲ್ಲಿಗೆ ನಿಲ್ತೈತಿ."

ನಾನು ಒಪ್ಪಿಕೊಂಡೆ. ಅವರ ಪಾಠ ನಡೆಯುವವರೆಗೆ ಅವರು ಇನ್ನೂ ಸ್ವಲ್ಪ ಇದ್ದ ಹಾಗೆ ಎಂದು ನನಗೆ ಅನ್ನಿಸಿತ್ತು. ಆ ನಾಲ್ಕು ವಾರ ಕೆಡಬಾರದು ಎಂಬುದೊಂದೇ ತಲೆಯಲ್ಲಿತ್ತು.

ಹೊಸ ಮೇಷ್ಟ್ರ ಹೆಸರು ಬಸವರಾಜ. ಊರು ಮಲೆಬೆನ್ನೂರು. ಭಾನುವಾರ ಸಂಜೆ ಊರಿಂದ ಬಸ್ಸಿಗೆ ಬಂದು, ನಮ್ಮ ಮನೆಯಲ್ಲಿ ಪುಸ್ತಕ ಇಸಕೊಂಡು ದಾವಣಗೆರೆಗೆ ಹೋಗುತ್ತಿದ್ದರು. ಚಿಕ್ಕ ವಯಸ್ಸು. ಪರದೆ ಇದೆಯೆಂದು ಜೋರಾಗಿ ಮಾತಾಡುತ್ತಿದ್ದರು.

"ಗಂಟಲು ಯಾಕ ಹರ್ಕೊಂತಿಯೋ ಬೇಟಾ? ಅದು ಬಟ್ಟೆ, ಗೋಡೆ ಅಲ್ಲ" ಎಂದು ಅತ್ತೆ ಬೈಯುತ್ತಿದ್ದರು.

ಮೊದಲ ವಾರ, ಎರಡನೇ ವಾರ ಸರಿಯಾಗಿ ನಡೆಯಿತು. ಮೂರನೇ ವಾರದ್ದನ್ನೂ ಒಂದು ಚುಕ್ಕೆ ಬಿಡದೆ ಇಳಿಸಿ ಕಳಿಸಿದೆ.

ಅದರ ಮುಂದಿನ ಭಾನುವಾರ ಬಸವರಾಜ ಮೇಷ್ಟ್ರು ಬಂದವರು ಕೊಟ್ಟ ಚಹಾ ಮುಟ್ಟಲಿಲ್ಲ. ಜೋರಾಗಿಯೂ ಮಾತಾಡಲಿಲ್ಲ.

"ಅಕ್ಕಾರೆ, ನನ್ನಿಂದ ಒಂದು ತಪ್ಪಾಗೇತಿ" ಅಂದರು.

ಆ ವಾರದ ಪಾಠದಲ್ಲಿ ಮಗ ಸತ್ತ ಸುದ್ದಿಯನ್ನು ತಾಯಿಯಿಂದ ಮುಚ್ಚಿಡುವ ಪ್ರಸಂಗವಿತ್ತಂತೆ. ಪುಟದ ಕೊನೆಗೆ, ಮನೆಗೆ ಬರೆಯಲು ಕೊಡುವ ಜಾಗದಲ್ಲಿ, ಒಂದು ಪ್ರಶ್ನೆ ಇತ್ತಂತೆ: 'ಆಕೆಗೆ ಯಾವಾಗ ಹೇಳಲಿ? ಈಗಲೋ, ಪರೀಕ್ಷೆ ಮುಗಿದ ಮೇಲೋ?' ಪಾಠದಲ್ಲಿ ಪರೀಕ್ಷೆ ಎಲ್ಲಿಂದ ಬಂತು ಎಂದು ಅವರಿಗೆ ಅನುಮಾನ ಬಂದರೂ, ಹಿರಿಯ ಮೇಷ್ಟ್ರು ಮಕ್ಕಳ ತಲೆಗೆ ಕೆಲಸ ಕೊಡಲು ಹೀಗೆ ಕೇಳಿದ್ದಾರೆ ಎಂದುಕೊಂಡು ಬೋರ್ಡಿನ ಮೇಲೆ ಬರೆದರಂತೆ. ಹದಿನಾಲ್ಕು ಮಕ್ಕಳೂ ಉತ್ತರ ಬರೆದುಕೊಂಡು ಬಂದರು. ಆಮೇಲೆ ಇವರು ಪುಟ ತಿರುವಿದ್ದಾರೆ. ಮುಂದಿನ ಪುಟದ ಮೊದಲ ಸಾಲಿನಲ್ಲಿ ಹೀಗಿತ್ತು: 'ಹೃದಯ ದುರ್ಬಲ ಅಂದರು ಡಾಕ್ಟರು. ಮೆಟ್ಟಿಲು ಹತ್ತಬಾರದು.'

ಅದು ಪಾಠವಲ್ಲ. ಯಜಮಾನರು ತಮಗೆ ತಾವೇ ಬರೆದುಕೊಂಡದ್ದು. ಅದನ್ನು ನಾನೇ ನನ್ನ ಕೈಯಾರೆ, ಅಂದವಾಗಿ, ಗೆರೆ ತಪ್ಪದಂತೆ ಬರೆದಿದ್ದೆ.

ಅತ್ತೆ, "ತಾಯಿಗೂ ಹೇಳಲಿಲ್ಲಲ್ಲೋ ನೀನು" ಎಂದು ಯಾರಿಗೋ ಅಂದ ಹಾಗೆ ಅಂದರು. ಅವರಿಗೂ ಗೊತ್ತಿರಲಿಲ್ಲ ಎಂದು ತಿಳಿದು ನನಗೆ ಒಂದು ಗಳಿಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೇ ವಾರದ ಹಾಳೆ ಇನ್ನೂ ಇಳಿಸಿರಲಿಲ್ಲ. ಮುಟ್ಟಲು ಭಯವಾಯಿತು. ಆದರೆ ಮಕ್ಕಳ ಕೊನೆಯ ವಾರ ಅದು. ಅದಕ್ಕೇ ನಾನು ಪರದೆಯ ಈಚೆಯಿಂದ ಒಂದೊಂದೇ ಅಕ್ಷರ ಕೂಗುತ್ತಾ ಹೋದೆ, ಆಚೆ ಅವರು ಬರೆದುಕೊಂಡು ಪ್ರತಿ ಸಾಲಿನ ಅರ್ಥ ಹೇಳುತ್ತಾ ಹೋದರು. ಸೋಮವಾರ ಹಳೆಯ ಪದ್ಯಗಳನ್ನು ಇನ್ನೊಮ್ಮೆ ಓದಿಸುವುದು. ಮಂಗಳವಾರ ಪ್ರಬಂಧ ಶುರು ಮಾಡುವುದು ಹೇಗೆ. ಹಿಂದಿನ ಬೆಂಚಿನವರನ್ನು ಮೊದಲು ಕೇಳುವುದು. ಪರೀಕ್ಷೆಯ ಹಿಂದಿನ ದಿನ ಓದಬೇಡಿ ಎಂದು ಹೇಳುವುದು. ಇಷ್ಟು ವರ್ಷ ಬರೆದದ್ದರ ಅರ್ಥ ಅವತ್ತೇ ಮೊದಲ ಸಲ ಸಾಲಾಗಿ ಕೇಳಿದೆ. ಪ್ರತಿ ಸಾಲಿಗೂ ನನ್ನ ಬಗ್ಗೆ ಏನಾದರೂ ಬರುತ್ತದೇನೋ ಎಂದು ಕಾಯುತ್ತಿದ್ದೆ. ಬರಲಿಲ್ಲ. ಪಾಠವಷ್ಟೇ ಇತ್ತು.

"ಮಕ್ಕಳು ಏನಂತ ಬರೆದಾರೆ?" ಎಂದು ನಾನೇ ಕೇಳಿದೆ. ಪರದೆಯಾಚೆಯವರ ಜೊತೆ ಅಕ್ಷರ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ಅತ್ತೆ ತಡೆಯಲಿಲ್ಲ.

ಅವರು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದರು. ಈಗಲೇ ಹೇಳಬೇಕು, ಇಲ್ಲದಿದ್ದರೆ ಬೇರೆಯವರ ಬಾಯಿಂದ ತಿಳಿಯುತ್ತದೆ ಎಂದು ಬಹಳ ಮಂದಿ. ಪರೀಕ್ಷೆ ಮುಗಿಯಲಿ, ಅಷ್ಟು ದಿನವಾದರೂ ಆಕೆ ಸುಖವಾಗಿರಲಿ ಎಂದು ಮೂರು ನಾಲ್ಕು ಮಂದಿ. ಒಬ್ಬ, ಡಾಕ್ಟರನ್ನೇ ಮನೆಗೆ ಕಳಿಸಬೇಕು ಎಂದು ಬರೆದಿದ್ದ. ಅತ್ತೆ ಕಣ್ಣು ಒರೆಸಿಕೊಳ್ಳುತ್ತಲೇ, "ಶಾಣ್ಯಾ ಅದಾನೆ, ತಾನು ಹೇಳೋದು ತಪ್ಪಿಸ್ಕೊಂಡ" ಅಂದರು.

ಕೊನೆಯ ಹಾಳೆ ಒಬ್ಬ ಹುಡುಗಿಯದು. ಎರಡೇ ಸಾಲು. 'ಆಕೆಗೆ ಆಗಲೇ ಗೊತ್ತಿರುತ್ತದೆ. ಅವರೇ ಹೇಳಲಿ ಎಂದು ಆಕೆ ಸುಮ್ಮನಿರುತ್ತಾಳೆ.'

"ಎಲ್ಲರಿಗೂ ಅಂಕ ಹಾಕಿದೆ. ಇದಕ್ಕೆ ಎಷ್ಟು ಹಾಕಬೇಕೋ ತಿಳೀವಲ್ದು ಅಕ್ಕಾರೆ. ನೀವೇ ಇಟ್ಕೊಳ್ರಿ" ಎಂದು ಅತ್ತೆಯ ಕೈಗೆ ಆ ಹಾಳೆ ಕೊಟ್ಟು ಹೋದರು.

ಮಕ್ಕಳೆಲ್ಲ ಪರೀಕ್ಷೆ ಬರೆದರು. ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಪಾಸಾದರೆಂದು ಹೆಡ್‌ಮೇಷ್ಟ್ರು ಹೇಳಿ ಕಳಿಸಿದರು. ಆ ಹುಡುಗಿ ಯಾರೆಂದು ನಾನು ಕೇಳಲಿಲ್ಲ.

ಆದರೆ ಅವಳು ಬರೆದದ್ದು ನನ್ನನ್ನು ಬಿಟ್ಟಿಲ್ಲ. ಆ ಚಳಿಗಾಲದಲ್ಲಿ ಅವರು ಸ್ಟೇಷನ್ನಿಗೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದರು. ಸಂಜೆ ಬಂದವರು ಒಳಗೆ ಬರುವ ಮುಂಚೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಯಾಕೆಂದು ಕೇಳಿದರೆ, ಚಪ್ಪಲಿ ಕಚ್ಚುತ್ತದೆ ಅಂದಿದ್ದರು. ನಾನು ಚಪ್ಪಲಿ ತೆಗೆದು ನೋಡಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಕಡಿಮೆ ಹಾಕು ಎಂದು ಅವರು ಹೇಳಿದ್ದರೋ, ನಾನೇ ಹಾಕಿದೆನೋ, ಎಷ್ಟು ನೆನಪು ಮಾಡಿಕೊಂಡರೂ ತಿಳಿಯುವುದಿಲ್ಲ. ಅರ್ಥ ಕೇಳುವುದನ್ನು ಬಿಟ್ಟದ್ದು ನಿಜವಾಗಿಯೂ ತಂಗಿಯ ಮದುವೆಯಿಂದಲೋ, ತಿಳಿದೀತು ಎಂಬ ಭಯದಿಂದಲೋ. 'ಯಾವಾಗ ಹೇಳಲಿ' ಎಂಬ ಆ ಸಾಲನ್ನು ಅವರು ನನಗೆ ಕೊಡುವ ಮುಂಚೆ ಹೊಡೆದುಹಾಕುತ್ತಿದ್ದರೋ, ನಾನು ಬೆರಳಿಟ್ಟು ಇದೇನು ಎಂದು ಕೇಳಲಿ ಎಂದೇ ಬಿಟ್ಟಿದ್ದರೋ, ಅದೂ ಗೊತ್ತಿಲ್ಲ.

ಆ ಹಾಳೆ ನನ್ನ ಹತ್ತಿರ ಇದೆ. ಅಂಚಿನಲ್ಲಿ ಅಂಕ ಹಾಕುವ ಜಾಗ ಖಾಲಿ ಇದೆ. ಉತ್ತರ ಸರಿಯೋ ತಪ್ಪೋ ಹೇಳಬಲ್ಲವಳು ನಾನೊಬ್ಬಳೇ. ಎಷ್ಟೋ ಸಲ ಪೆನ್ನು ಹಿಡಿದು ಕೂತು ಹಾಗೇ ಎತ್ತಿಟ್ಟಿದ್ದೇನೆ.