ಸಕ್ಕರೆ ನೀರಿಗೊಂದು ಬೆಚ್ಚನೆಯ ಬಲ್ಬು

ಹೆಂಡತಿಯ ಕಾಯಿಲೆಗೆ ನಾನು ಮಾಡಬಹುದಾದದ್ದು ಏನೂ ಇಲ್ಲವೆಂದು ಗೊತ್ತಾದ ಮೇಲೆ ನಾನು ಹಕ್ಕಿಗಳ ಸೇವೆಗೆ ನಿಂತೆ.

ಕುಮುದಾಳ ಕತ್ತಿನಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಆಸ್ಪತ್ರೆಯವರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ವರದಿ ಬರುವ ತನಕ ಕಾಯಬೇಕು. ಕಾಯುವುದೆಂದರೆ ಅವಳು ಅಡುಗೆಮನೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂರುವುದು, ಅವಳು ಕೇಳದೆಯೇ ನಾನು ಕಾಫಿ ತಂದು ಬೈಸಿಕೊಳ್ಳುವುದು. ಕಿಟಕಿಯಾಚೆ ಸೂರಿನಡಿ ಅವಳೇ ತೂಗುಹಾಕಿದ್ದ ಸಕ್ಕರೆ ನೀರಿನ ತಟ್ಟೆ. ಬೆಳಗಾಗುತ್ತಲೇ ಪುಟ್ಟ ಹಸಿರು ಹಕ್ಕಿಗಳ ಹಿಂಡು ಅದಕ್ಕೆ ಮುಗಿಬೀಳುತ್ತಿತ್ತು. ಕಣ್ಣ ಸುತ್ತ ಬಿಳಿ ಬಳೆ. ನಮ್ಮ ಕಡೆಯ ಬೆಳ್ಗಣ್ಣನ ದಾಯಾದಿಗಳು. ಕಡಲು ದಾಟಿ ತಾವಾಗಿಯೇ ನ್ಯೂಜಿಲೆಂಡಿಗೆ ಬಂದ ಇವಕ್ಕೆ ಇಲ್ಲಿನ ಮೂಲನಿವಾಸಿ ಮಾವೊರಿಗಳು ಇಟ್ಟ ಹೆಸರು ತೌಹೋ, ಎಂದರೆ ಹೊಸಬ. ತಲೆಮಾರುಗಳು ಕಳೆದರೂ ಹೆಸರು ಹಾಗೇ ಉಳಿದಿದೆ. ಇಲ್ಲಿ ಮನೆ ಕಟ್ಟಿಕೊಂಡು ಕೂತ ಮೇಲೂ ‘ಎಲ್ಲಿಂದ ಬಂದಿರಿ?’ ಎಂದು ಕೇಳಿಸಿಕೊಳ್ಳುವ ನನಗೆ ಆ ಹಕ್ಕಿಗಳ ಮೇಲೆ ಒಂದು ಬಗೆಯ ಸಲಿಗೆ.

ನಾವಿರುವ ಹಾರ್ನ್‌ಬಿಯ ಚಳಿ ಒಂದು ಬೆಳಿಗ್ಗೆ ಹುಲ್ಲಿನ ಜತೆ ತಟ್ಟೆಯ ನೀರನ್ನೂ ಹೆಪ್ಪುಗಟ್ಟಿಸಿತು. ಒಂದು ಹಕ್ಕಿ ಬಂದು ಟಕ್ ಟಕ್ ಎಂದು ಕುಟ್ಟಿತು, ಮತ್ತೆ ಕುಟ್ಟಿತು, ಆಮೇಲೆ ಮೈ ಉಬ್ಬಿಸಿಕೊಂಡು ಅಂಚಿನಲ್ಲೇ ಕುಳಿತುಬಿಟ್ಟಿತು. ಅಲ್ಲಿಯವರೆಗೆ ಅಳದಿದ್ದ ಕುಮುದಾ ಅದನ್ನು ನೋಡಿ ಅತ್ತಳು.

“ಎದುರಿಗೇ ಇದೆ ರೀ, ಅದಕ್ಕೆ ಸಿಗ್ತಿಲ್ಲ.”

ಬಿಸಿನೀರು ಸುರಿದೆ. ತಿಂಡಿ ಮುಗಿಸುವಷ್ಟರಲ್ಲಿ ಮತ್ತೆ ಗಟ್ಟಿ. ತಟ್ಟೆಯ ಅಡಿಗೆ ಉಣ್ಣೆಯ ಕಾಲುಚೀಲ ತೊಡಿಸಿದೆ. ಕಾಲುಚೀಲವೂ ಗಟ್ಟಿಯಾಯಿತು. ಕೊನೆಗೆ ಮಗಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅಮೆರಿಕದಲ್ಲಿ ಯಾರೋ ಡಬ್ಬಿಯೊಳಗೆ ಬಲ್ಬು ಕೂರಿಸಿ ಹಕ್ಕಿಯ ನೀರಿಗೆ ಕಾವು ಕೊಟ್ಟಿದ್ದರು.

“ಬಟ್ ಅಪ್ಪಾ, ದಟ್ಸ್ ಫಾರ್ ಹಮ್ಮಿಂಗ್‌ಬರ್ಡ್ಸ್. ವಿ ಡೋಂಟ್ ಹ್ಯಾವ್ ದೆಮ್.”

“ಬಲ್ಬಿಗೆ ಅದು ಗೊತ್ತಾಗಲ್ಲ ಬಿಡು” ಎಂದೆ.

ಆದರೆ ನನ್ನ ಬಲ್ಬು ಬೆಳಗಿತೇ ಹೊರತು ಬೆಚ್ಚಗಾಗಲಿಲ್ಲ. ಪಕ್ಕದ ಮನೆಯ ದಾದಾಪೀರ್ ಅಂಕಲ್ ಬೇಲಿಯಾಚೆಯಿಂದ ನೋಡುತ್ತಿದ್ದರು. ರಾಣೆಬೆನ್ನೂರಿನವರು, ಇಲ್ಲಿ ಟೈರ್ ವ್ಯಾಪಾರ.

“ಏನ್ ಮಾಡಾಕತ್ತೀರಿ?”

“ಹಕ್ಕಿಗೆ ನೀರು ಬಿಸಿ ಮಾಡ್ತಿದ್ದೀನಿ ಅಂಕಲ್.”

ಅವರು ನಗಲಿಲ್ಲ. “ಎಲ್‌ಇಡಿ ಬರೇ ಬೆಳಕ ಕೊಡ್ತೈತ್ರಿ. ಕೈ ಸುಡೋ ಹಳೇ ಬಲ್ಬ್ ಬೇಕು. ನಮ್ಮ ಗ್ಯಾರೇಜ್‌ನ್ಯಾಗ ಇರಬೇಕು, ತಡೀರಿ.” ಎರಡು ಹೆಜ್ಜೆ ಹೋದವರು ತಿರುಗಿದರು. “ಕುಮುದವ್ವನ ರಿಪೋರ್ಟ್?”

“ಇನ್ನೂ ಇಲ್ಲ.”

“ಬರ್ತೈತಿ. ಅಲ್ಲೀತನಕ ಇದನ್ನ ಹಚ್ಚೋಣ.”

ಹಾಲಿನ ಪುಡಿಯ ಡಬ್ಬಿಗೆ ತೂತು ಹೊಡೆದು, ಒಳಗೆ ಹಳೆಯ ಬಲ್ಬು ಕೂರಿಸಿ, ಮಳೆ ತಾಗದಂತೆ ತಟ್ಟೆಯ ಕೆಳಗೆ ನೇತುಹಾಕಿದೆವು. ಮರುದಿನ ಹಿತ್ತಿಲೆಲ್ಲ ಹಿಮಗಟ್ಟಿ ಬೆಳ್ಳಗಾಗಿತ್ತು. ತಟ್ಟೆಯ ನೀರು ಮಾತ್ರ ನೀರಾಗಿಯೇ ಇತ್ತು. ಹಕ್ಕಿಗಳು ಒಂದನ್ನೊಂದು ತಳ್ಳಾಡಿಕೊಂಡು ಕುಡಿದವು.

“ಕನ್ನಡ ಸಂಘದ ಯುಗಾದಿ ಊಟದ ಥರಾನೇ ಇದೆ” ಎಂದಳು ಕುಮುದಾ. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಆ ವಾರವೇ ಆಸ್ಪತ್ರೆಯಿಂದ ಫೋನ್ ಬಂತು. ಕೆಟ್ಟದ್ದೇನೂ ಇಲ್ಲ, ಸುಮ್ಮನೆ ಒಂದು ಗಂಟು ಅಷ್ಟೆ ಎಂದರು. ಸ್ಪೀಕರ್ ಹಾಕಿದ್ದ ಫೋನಿನತ್ತ ಬಗ್ಗಿ ನಾನು ಅದನ್ನೇ ಮತ್ತೊಮ್ಮೆ ಹೇಳಿಸಿಕೊಂಡೆ. ಕುಮುದಾ ಫೋನು ಕೆಳಗಿಟ್ಟಳು.

“ಹಸಿವಾಗ್ತಿದೆ ರೀ” ಎಂದಳು.

ವಸಂತ ಬಂದು ಬೀದಿಯ ಕೋವೈ ಮರಗಳು ಹಳದಿ ಹೂ ತೊಟ್ಟವು. ಹೂವಿನ ರಸ ಸಿಕ್ಕ ಹಕ್ಕಿಗಳು ನಮ್ಮ ಮನೆಯತ್ತ ತಿರುಗಿಯೂ ನೋಡಲಿಲ್ಲ. ಕುಮುದಾ ಕೆಲಸಕ್ಕೆ ಹೊರಟಳು. ಹೊತ್ತಾಯಿತೆಂದು ಕಾರನ್ನು ಹಿಂದಕ್ಕೆ ತೆಗೆದವಳು ಕೈ ಬೀಸುವುದನ್ನೂ ಮರೆತಳು. ಹಿತ್ತಿಲಲ್ಲಿ ಒಬ್ಬನೇ ನಿಂತೆ. ಯಾರಿಗೂ ಬೇಡದವನಾಗುವುದರಲ್ಲಿ ಇಷ್ಟೊಂದು ಸುಖವಿದೆಯೆಂದು ನನಗೆ ತಿಳಿದಿರಲಿಲ್ಲ.